ಶೆಡ್ಡಿನೊಳಗಿನ ಹಿಟ್ಟಿನ ಗಿರಣಿ

ಮನೆಅಳಿಯನಿಗೆ ಮಾವ ಕೊಡಬಹುದಾದ ವಸ್ತುಗಳಲ್ಲಿ ಕೀಲಿಕೈಯಷ್ಟು ಅಪಾಯಕಾರಿಯಾದದ್ದು ಇನ್ನೊಂದಿಲ್ಲ. ಬೈಗುಳ ಕೊಟ್ಟರೆ ನುಂಗಬಹುದು. ಉಪದೇಶ ಕೊಟ್ಟರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ಕೀಲಿಕೈಯನ್ನು ಏನು ಮಾಡುವುದು? ಅದು ಜೇಬಿನಲ್ಲಿ ಕೂತು ತೊಡೆಯನ್ನು ಚುಚ್ಚುತ್ತಲೇ ಇರುತ್ತದೆ.

ಮಾವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೊಡ್ಡ ಮಗಳ ಊರಿಗೆ ಹೊರಟ ದಿನ ತಮ್ಮ ಹಳೆಯ ಕಾರಿನ ಕೀಲಿಯನ್ನು ಅಳಿಯನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಒಂದೊಂದಾಗಿ ಮಡಚಿದರು.

"ನೋಡಪ್ಪಾ, ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡು. ಬಿಸಿಯಾಗೋವರೆಗೂ ಬಿಡು. ಆಫ್ ಮಾಡು. ಓಡಿಸ್ಬೇಡ, ತೊಳೀಬೇಡ, ಬಾನೆಟ್ ಎತ್ಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು ಮಾವ."

"ಏನು ಗೊತ್ತಾಯ್ತು?"

"ಏನೂ ಮಾಡ್ಬಾರದು ಅಂತ."

"ಹಾಂ. ಅದು ನಿನಗೆ ಚೆನ್ನಾಗಿ ಬರುತ್ತೆ," ಎಂದು ಮಾವ ಬಸ್ಸು ಹತ್ತಿದರು.

ಮಾವ ಮಾಮೂಲಿಯಾಗಿ ಅಳಿಯನನ್ನು 'ಏನಪ್ಪಾ, ನೀನು' ಎಂದೇ ಮಾತನಾಡಿಸುವವರು. ಸಿಟ್ಟು ನೆತ್ತಿಗೇರಿದಾಗ ಮಾತ್ರ 'ಅಳಿಯಂದಿರೇ, ತಾವು' ಎನ್ನುತ್ತಿದ್ದರು. ಆದ್ದರಿಂದ ಈ ಮನೆಯಲ್ಲಿ ಅಳಿಯ ಜಗತ್ತಿನಲ್ಲಿ ಅತ್ಯಂತ ಹೆದರುತ್ತಿದ್ದುದು ಬಹುವಚನಕ್ಕೆ.

ಅವನ ಕೆಲಸ ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಅಂಗಡಿಯವರ ತಕ್ಕಡಿ, ಬಟ್ಟೆಯವರ ಮೀಟರ್ ಕಡ್ಡಿ ಸರಿಯಾಗಿವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು. ಕೂದಲೆಳೆಯಷ್ಟು ಗಿಡ್ಡವಾದ ಕಡ್ಡಿಯನ್ನೂ ಅವನು ಕಣ್ಣಳತೆಯಲ್ಲೇ ಹಿಡಿಯಬಲ್ಲನೆಂದು ಕಚೇರಿಯಲ್ಲಿ ಹೆಸರಿತ್ತು. ಆ ಹೆಸರು ಮನೆಯವರೆಗೆ ಬಂದಿರಲಿಲ್ಲ. ಮನೆಯಲ್ಲಿ ಗೋಡೆಗೆ ಯಾವ ಬಣ್ಣ ಎಂದು ಬಣ್ಣ ಹೊಡೆಯುವವನನ್ನು ಕೇಳುತ್ತಿದ್ದರು, ಅಳಿಯನನ್ನಲ್ಲ. ಹೀಗಿರುವಾಗ ಕೀಲಿ ಸಿಕ್ಕ ಮನುಷ್ಯ ಏನು ಮಾಡಿಯಾನು? ವಾರ ಕಳೆಯುವುದರೊಳಗೆ ಕಾರನ್ನು ಕಚೇರಿಗೆ ಓಡಿಸಿಕೊಂಡು ಹೋದ. ಸಹೋದ್ಯೋಗಿಗಳ ಮುಂದೆ ಬಾಗಿಲನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದ.

ಹಿಂದಿರುಗುವಾಗ ಒಂದು ಮುಳ್ಳು ಮೇಲಕ್ಕೆ ಏರುತ್ತಾ ಹೋಯಿತು. ಟ್ಯಾಂಕಿನಲ್ಲಿ ಪೆಟ್ರೋಲು ಹೆಚ್ಚುತ್ತಿದೆಯೆಂದು ಅಳಿಯ ಹಿಗ್ಗಿದ. ಅದು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಂದು ತಿಳಿಯುವ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತ್ತು. ನೀರು ಬತ್ತಿ, ಎಂಜಿನ್ ಕಾದು, ಎಂಜಿನ್ನಿನ ಮೇಲೆ ಮುಚ್ಚಳದಂತೆ ಎಡಕ್ಕೊಂದು ಬಲಕ್ಕೊಂದು ಕೂತಿದ್ದ ಎರಡೂ ಸಿಲಿಂಡರ್ ಹೆಡ್ಡುಗಳು ಬಿರುಕು ಬಿಟ್ಟಿದ್ದವು. ಹಾಲಿನ ವ್ಯಾನಿಗೆ ಹಗ್ಗ ಕಟ್ಟಿಸಿ ಕಾರನ್ನು ಮನೆಯ ಶೆಡ್ಡಿಗೆ ಎಳೆಸಿದ್ದಾಯಿತು.

"ಮೆಕ್ಯಾನಿಕ್‌ನ ಕರೀರಿ," ಎಂದಳು ಹೆಂಡತಿ.

"ಯಾರನ್ನ ಕರೀಲಿ ಹೇಳು? ಒಬ್ಬನ ಹೆಸರು ಹೇಳು!"

ಮಾವ ನಿವೃತ್ತರಾಗುವವರೆಗೂ ಬಸ್ ಡಿಪೋದ ಹಿರಿಯ ಮೆಕ್ಯಾನಿಕ್ ಆಗಿದ್ದವರು. ಊರಿನಲ್ಲಿ ಸ್ಪ್ಯಾನರ್ ಹಿಡಿದವನೆಂದರೆ ಅದೇ ಸ್ಪ್ಯಾನರಿನಲ್ಲಿ ಮಾವನಿಂದ ಒಂದೇಟು ತಿಂದವನೇ. ಯಾರನ್ನು ಕರೆದರೂ ಬಾನೆಟ್ ಎತ್ತುವ ಮೊದಲು ಫೋನ್ ಎತ್ತುತ್ತಿದ್ದ.

"ಎಂಜಿನ್ ಅಂದ್ರೆ ಏನು ಮಹಾ! ದೊಡ್ಡದೊಂದು ಹೊಲಿಗೆ ಮಿಷನ್ನು. ನಾನೇ ಮಾಡ್ತೀನಿ."

"ಸೂಜಿಗೆ ದಾರ ಪೋಣಿಸೋಕೆ ನೀವು ನನ್ನ ಕರೀತೀರಲ್ರೀ."

ಅಳಿಯ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಗಂಡಂದಿರಿಗೆ ಆಗಾಗ ಬರುವ ಕಿವುಡು ಅದು.

ಗುಜರಿ ಅಂಗಡಿಯಿಂದ ಅದೇ ಮಾದರಿಯ ಎರಡು ಹೆಡ್ಡುಗಳು ಗೋಣಿಚೀಲದಲ್ಲಿ ಬಂದವು. ಶೆಡ್ಡಿನ ಕಿಟಕಿಗೆ ಹಳೆಯ ಹಾಸುಬಟ್ಟೆ ಬಿತ್ತು. ಫೋನಿನಲ್ಲಿ ಒಬ್ಬ ಗಡ್ಡದವನು ಅರ್ಥವಾಗದ ಭಾಷೆಯಲ್ಲಿ ಪಾಠ ಹೇಳುತ್ತಿದ್ದ. ಮುಖ್ಯವಾದ ಜಾಗ ಬಂದಾಗಲೆಲ್ಲ ಸಾಬೂನಿನ ಜಾಹೀರಾತು ಬರುತ್ತಿತ್ತು. ಹಾಗಿದ್ದರೂ ಅಳಿಯ ಶಿಸ್ತಿನಿಂದ ಬಿಚ್ಚಿದ. ಎಂಜಿನ್ನಿನ ಹೊಟ್ಟೆಯಿಂದ ಮೇಲೆದ್ದು ಹೆಡ್ಡಿನಲ್ಲಿರುವ ವಾಲ್ವುಗಳನ್ನು ತಳ್ಳಿ ತೆರೆಯುವ ಉಕ್ಕಿನ ಕಡ್ಡಿಗಳಿರುತ್ತವೆ. ಗಾಳಿ ಒಳಗೆ ಬರುವ ವಾಲ್ವಿಗೊಂದು, ಹೊಗೆ ಹೊರಗೆ ಹೋಗುವ ವಾಲ್ವಿಗೊಂದು. ಅವನ್ನು ತೆಗೆದ ಕ್ರಮದಲ್ಲೇ ಚಪ್ಪಲಿ ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿ ಸಾಲಾಗಿ ಸಿಕ್ಕಿಸಿಟ್ಟ. ತನ್ನ ಅಚ್ಚುಕಟ್ಟುತನಕ್ಕೆ ತಾನೇ ಮೆಚ್ಚಿ ಊಟಕ್ಕೆ ಹೋದ.

ಅಚ್ಚುಕಟ್ಟುತನದ ವಿಷಯದಲ್ಲಿ ಆ ಮನೆಯಲ್ಲಿ ಅವನಿಗಿಂತ ದೊಡ್ಡವರೊಬ್ಬರಿದ್ದರು. ಅತ್ತೆ. ಅವರು ಅಳಿಯನೊಂದಿಗೆ ನೇರವಾಗಿ ಮಾತನಾಡುತ್ತಿರಲಿಲ್ಲ, ಏನಿದ್ದರೂ ಮಗಳ ಮೂಲಕ. ಮದುವೆಯ ಫೋಟೋ ತೆಗೆಯುವಾಗ ನೆಂಟರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿ, ಮದುಮಗನನ್ನು ತುದಿಗೆ ಕಳಿಸಿದ್ದವರು. ಊಟ ಮುಗಿಸಿ ಅಳಿಯ ಬರುವಷ್ಟರಲ್ಲಿ ಶೆಡ್ಡು ಗುಡಿಸಿತ್ತು, ನಟ್ಟುಗಳು ಬಟ್ಟಲಲ್ಲಿದ್ದವು, ಕಡ್ಡಿಗಳು ಸೀಗೆಪುಡಿಯಲ್ಲಿ ತಿಕ್ಕಿದ ಹಾಗೆ ಹೊಳೆಯುತ್ತಾ ಅದೇ ತೂತುಗಳಲ್ಲಿ ನಿಂತಿದ್ದವು.

"ಅಮ್ಮ ಹೇಳಿದ್ರು, ಶೆಡ್ಡು ನೋಡೋಕಾಗ್ತಿರ್ಲಿಲ್ವಂತೆ," ಎಂದಳು ಹೆಂಡತಿ.

"ದೇವತೆ ಕಣೇ ನಿಮ್ಮಮ್ಮ," ಎಂದ ಅಳಿಯ ಮನಸಾರೆ. ಎಡದ ಸಾಲಿನವನ್ನು ಎಡಕ್ಕೆ, ಬಲದ ಸಾಲಿನವನ್ನು ಬಲಕ್ಕೆ ಇಳಿಸಿ, ಮೇಲೆ ಹೊಸ ಹೆಡ್ಡು ಬಿಗಿದು, ಕೈ ಮುಗಿದು ಕೀಲಿ ತಿರುಗಿಸಿದ.

ಎಂಜಿನ್ ಎದ್ದಿತು. ಎದ್ದದ್ದಷ್ಟೇ ಅಲ್ಲ, ಇಡೀ ಬೀದಿಯನ್ನು ಎಬ್ಬಿಸಿತು. ತಟಪಟ ತಟಪಟ, ಖಟಖಟ, ಬುಸ್, ಖಟಖಟ, ಬುಸ್. ತಗಡಿನ ಛಾವಣಿಯ ಮೇಲೆ ಕೋತಿಗಳು ಪಾತ್ರೆ ಹಂಚಿಕೊಂಡ ಹಾಗೆ. ಅಳಿಯ ಆಫ್ ಮಾಡಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಶೆಡ್ಡಿನ ಬಾಗಿಲು ಬಡಿಯಿತು.

ಎದುರುಮನೆಯ ಸಂಗೀತದ ಟೀಚರ್. ಅವರ ಅಣ್ಣ ಮಾವನ ಕೈಕೆಳಗೆ ಡಿಪೋದಲ್ಲಿದ್ದವನು. ಅಳಿಯ ಬಾಗಿಲನ್ನು ಮೂಗು ತೂರುವಷ್ಟೇ ತೆರೆದ.

"ಏನ್ರೀ ಅದು ಸದ್ದು? ನನ್ನ ಮಕ್ಕಳು ಲಯ ತಪ್ಪಿಬಿಟ್ರು."

"ಅದಾ... ಅದು..." ಅಳಿಯನ ಕಣ್ಣಿಗೆ ಟೀಚರ್ ಕೈಯಲ್ಲಿದ್ದ ಹಿಟ್ಟಿನ ಜರಡಿ ಬಿತ್ತು. "ಗಿರಣಿ. ಹಿಟ್ಟಿನ ಗಿರಣಿ. ಸಣ್ಣದು. ಅತ್ತೆಗೆ ಅಂತ."

ಮನುಷ್ಯ ಸುಳ್ಳು ಹೇಳಬೇಕಾದರೆ ಎದುರಿಗಿರುವವರ ಕೈಯನ್ನು ನೋಡಬಾರದು. ಟೀಚರ್ ಮುಖ ಅರಳಿತು.

"ಮನೇಲೇ ಗಿರಣಿನಾ! ಮೊದಲೇ ಹೇಳ್ಬಾರ್ದಾ?" ಎಂದು ಹೋದವರು ಒಂದು ಚೀಲ ಗೋಧಿಯೊಂದಿಗೆ ಮರಳಿ ಬಂದರು. "ನುಣ್ಣಗೆ ಬೇಕು. ಆದ್ರೂ ಒಂದು ಮಾತು ಹೇಳ್ತೀನಿ ಕೇಳಿ, ನಿಮ್ಮ ಗಿರಣಿಗೆ ತಾಳ ಇಲ್ಲ. ಎಡಗಡೆ ಮೂರು ಏಟು ಅತಿಯಾಗಿ ಬೀಳುತ್ತೆ, ಬಲಗಡೆ ಮೂರು ಏಟು ಬೀಳೋದೇ ಇಲ್ಲ, ಉಸಿರು ಬಿಡುತ್ತೆ ಅಷ್ಟೇ."

ಅದರಷ್ಟು ನಿಖರವಾದ ರೋಗಪರೀಕ್ಷೆಯನ್ನು ಆಮೇಲೆ ಯಾರೂ ಮಾಡಲಿಲ್ಲ. ಆದರೆ ಅಳಿಯನಿಗೆ ಕಾಣುತ್ತಿದ್ದುದು ಗೋಧಿ ಮಾತ್ರ. ಆ ಸಂಜೆ ಚೀಲವನ್ನು ಹಿತ್ತಲ ಬಾಗಿಲಿನಿಂದ ಸಾಗಿಸಿ, ಮೂರು ಬೀದಿ ಆಚೆಯ ನಿಜವಾದ ಗಿರಣಿಯಲ್ಲಿ ಬೀಸಿಸಿ, ಶೆಡ್ಡಿನ ಮುಂಬಾಗಿಲಿನಿಂದ ಹೊರಗೆ ತಂದ. ಹಿಟ್ಟು ನುಣ್ಣಗಿತ್ತು. ಅದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಚೀಲಗಳ ಸಾಲು. ಅತ್ತೆ ಬಂದು ಅವನ್ನು ಗಾತ್ರದ ಪ್ರಕಾರ ಜೋಡಿಸಿ ಒಳಗೆ ಹೋದರು.

ಹೀಗೆ ಅಳಿಯನ ಬದುಕು ಎರಡು ಹೋಳಾಯಿತು. ಒಂದು ಹೋಳಿನಲ್ಲಿ ಅವನು ಎಂಜಿನ್ನಿನ ರೋಗ ಹುಡುಕುತ್ತಿದ್ದ, ಇನ್ನೊಂದರಲ್ಲಿ ಊರಿನ ಗೋಧಿ ಹೊರುತ್ತಿದ್ದ. ಎಂಜಿನ್ ಆಯಿಲ್ ಬದಲಿಸಿದ. ಖಟಖಟ ಹೋಗಲಿಲ್ಲ. ಟ್ಯಾಪೆಟ್ಟಿನ ಸದ್ದಿರಬೇಕೆಂದು, ಕಡ್ಡಿಗೂ ವಾಲ್ವಿಗೂ ನಡುವಿನ ಸಂದು ಸರಿಪಡಿಸುವ ನಟ್ಟುಗಳನ್ನು ಬಿಗಿ ಮಾಡಿದ, ಸಡಿಲ ಮಾಡಿದ. ಎಡಗಡೆ ಎಷ್ಟು ಬಿಗಿದರೂ ಸಾಲದು, ಬಲಗಡೆ ಎಷ್ಟು ಸಡಿಲಿಸಿದರೂ ಸಾಲದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಆಲಿಸಿದ. ಬಲಗಡೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ತೂತಿಗೆ ಹೆಬ್ಬೆರಳಿಟ್ಟು, ಹೆಂಡತಿಗೆ ಕೀಲಿ ತಿರುಗಿಸಲು ಹೇಳಿದ. ಗಾಳಿ ಒತ್ತಿ ಬಂದು ಬೆರಳನ್ನು ಎಸೆಯಬೇಕಿತ್ತು. ಮಗುವೊಂದು ಊದಿದಷ್ಟು ಬಂತು.

"ವಾಲ್ವು ಮುಚ್ಚಿಕೊಳ್ತಿಲ್ಲ," ಎಂದ ಕಂಗಾಲಾಗಿ. "ಹೆಡ್ಡೇ ಕೆಟ್ಟದ್ದು. ಗುಜರಿಯವನು ಟೋಪಿ ಹಾಕಿದ."

"ಹಾಗಾದ್ರೆ ಎಡಗಡೆ ಯಾಕೆ ಬಡ್ಕೊಳ್ಳುತ್ತೆ?"

"ಅದೂ ಕೆಟ್ಟದ್ದು."

"ಎರಡೂ ಒಂದೇ ಥರ ಕೆಡ್ಬೇಕಿತ್ತಲ್ರೀ. ಒಂದು ಬಾಯಿಬಡುಕಿ, ಒಂದು ಮೂಗಿ ಆಗಿದ್ದು ಹೇಗೆ?"

"ನಿನಗಿದೆಲ್ಲ ಗೊತ್ತಾಗಲ್ಲ ಕಣೇ," ಎಂದ ಅಳಿಯ. ಅವನಿಗೂ ಗೊತ್ತಾಗಿರಲಿಲ್ಲ, ಆ ಮಾತು ಬೇರೆ.

ಗುಜರಿಯವನು ಮನೆಗೇ ಬಂದು, ಬಿಚ್ಚಿ ಜಗಲಿಗೆ ತಂದಿಟ್ಟ ಹೆಡ್ಡುಗಳು ಸೊಟ್ಟಗಿವೆಯೋ ಎಂದು ಗಾಜಿನ ಪಟ್ಟಿಯಿಟ್ಟು ನೋಡಿ, "ಅಣ್ಣಾ, ನನ್ನ ಮಾಲಿಗೆ ನೆಗಡಿಯೂ ಇಲ್ಲ," ಎಂದು ಪ್ರಮಾಣ ಮಾಡಿದ. ಹೋಗುವಾಗ ಎರಡು ಚೀಲ ಗೋಧಿ ಬಿಟ್ಟುಹೋದ.

ಮುಂದಿನ ಆಪತ್ತು ಕಪ್ಪು ಚೀಲ ಹಿಡಿದು ಬಂತು. ಪುರಸಭೆಯ ಪರವಾನಗಿ ಸಾಹೇಬರು. ಮೂರು ಬೀದಿ ಆಚೆಯ ಗಿರಣಿಯವನೇ ದೂರು ಕೊಟ್ಟಿದ್ದ. ಪಾಪ, ತನ್ನ ಅತ್ಯುತ್ತಮ ಗಿರಾಕಿಯ ವಿರುದ್ಧವೇ ದೂರು ಕೊಡುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ.

"ಅನಧಿಕೃತ ಹಿಟ್ಟಿನ ಗಿರಣಿ," ಎಂದರು ಸಾಹೇಬರು ಶೆಡ್ಡಿನ ಬಾಗಿಲು ನೋಡುತ್ತಾ. "ಸತ್ಯವೋ, ಸುಳ್ಳೋ?"

ಇಲ್ಲಿ ಅಳಿಯನ ಪರಿಸ್ಥಿತಿಯನ್ನು ಓದುಗರು ಕರುಣೆಯಿಂದ ನೋಡಬೇಕು. ಸುಳ್ಳು ಎಂದರೆ ಬಾಗಿಲು ತೆಗೆಯಬೇಕು. ಬಾಗಿಲು ತೆಗೆದರೆ ಹೊಟ್ಟೆ ಬಗೆದ ಕಾರು ಕಾಣುತ್ತದೆ. ಕಾರು ಕಂಡರೆ ಸಂಜೆಯೊಳಗೆ ಮಾವನಿಗೆ ಗೊತ್ತಾಗುತ್ತದೆ. ಏಕೆಂದರೆ ಸಾಹೇಬರ ಜೀಪಿನ ಚಾಲಕ ಮಾವನ ಶಿಷ್ಯ. ಆಗಲೇ ಗೇಟಿನ ಹತ್ತಿರ ಕತ್ತು ಉದ್ದ ಮಾಡಿ ನಿಂತಿದ್ದ.

"ಸತ್ಯ ಸಾರ್!" ಎಂದ ಅಳಿಯ ಗಟ್ಟಿಯಾಗಿ. "ಗಿರಣಿ ಇದೆ ಸಾರ್. ಪರವಾನಗಿ ಇಲ್ಲ ಸಾರ್. ದೊಡ್ಡ ತಪ್ಪು ಸಾರ್."

ಇಪ್ಪತ್ತು ವರ್ಷದ ನೌಕರಿಯಲ್ಲಿ ಹೀಗೆ ಒಪ್ಪಿಕೊಂಡವರನ್ನು ಸಾಹೇಬರು ಕಂಡಿರಲಿಲ್ಲ. ಅವರಿಗೆ ಅನುಮಾನ ಬಂತು.

"ತಾವು ತೂಕದ ಕಚೇರಿಯವರಲ್ವಾ? ತಮ್ಮ ತಕ್ಕಡಿಗೆ ಮುದ್ರೆ ಇದೆಯಾ?"

"ಇಲ್ಲ ಸಾರ್."

"ಅಂದ್ರೆ ತಮ್ಮ ಮೇಲೆ ತಾವೇ ಕೇಸು ಹಾಕ್ಕೋಬೇಕಾಗುತ್ತೆ."

"ಹಾಕ್ಕೋತೀನಿ ಸಾರ್. ನಾಳೆನೇ."

"ನಾಳೆ ಮಧ್ಯಾಹ್ನ ಬರ್ತೀನಿ. ಬಾಗಿಲು ತೆಗೆದಿರ್ಬೇಕು. ಯಂತ್ರಕ್ಕೆ ಸೀಲ್ ಹಾಕ್ತೀನಿ," ಎಂದು ಸಾಹೇಬರು ಹೊರಟರು. ಹೋಗುವಾಗ ಗೋಧಿ ಬಿಟ್ಟುಹೋಗಲಿಲ್ಲ. ಆ ಮಟ್ಟಿಗೆ ಅವರು ಪ್ರಾಮಾಣಿಕರು.

ಜೀಪು ತಿರುವು ದಾಟಿತೋ ಇಲ್ಲವೋ, ಫೋನ್ ಬಂತು.

"ಅಳಿಯಂದಿರೇ," ಎಂದಿತು ಆ ಕಡೆಯ ಧ್ವನಿ.

ಅಳಿಯ ಕಾಲಿನ ಚಪ್ಪಲಿ ಬಿಟ್ಟು ನಿಂತ. ಬಹುವಚನ.

"ತಾವು ನಮ್ಮ ಶೆಡ್ಡಿನಲ್ಲಿ ಗಿರಣಿ ಇಟ್ಟಿದ್ದೀರಂತೆ. ಸಂತೋಷ. ಹಾಗಾದ್ರೆ ನಮ್ಮ ಕಾರು ಎಲ್ಲಿದೆ ಅಂತ ಕೇಳಬಹುದಾ?"

"ಮಾವ, ಕಾರು... ಕಾರು ಅಲ್ಲೇ ಇದೆ ಮಾವ."

"ಗಿರಣಿ ಎಲ್ಲಿದೆ?"

"ಅದೂ ಅಲ್ಲೇ..."

"ನಾಳೆ ಬರ್ತೀವಿ," ಎಂದರು ಮಾವ. ತಮ್ಮನ್ನೂ ಬಹುವಚನದಲ್ಲಿ ಕರೆದುಕೊಂಡಿದ್ದರು. ಹಾಗೆ ಹಿಂದೆಂದೂ ಆಗಿರಲಿಲ್ಲ.

ಅಳಿಯ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಸಿದು ಕೂತ. ಬಟ್ಟೆಗಂಟು ಕಟ್ಟಿಕೊಂಡು ಎಲ್ಲಿಗೆ ಹೋಗುವುದೆಂದು ಯೋಚಿಸಿದ. ಗಂಟು ಕಟ್ಟುವ ಬಟ್ಟೆಯೂ ಮಾವನದೇ ಎಂದು ನೆನಪಾಯಿತು.

ಅತ್ತೆ ತೊಳೆದ ಚಮಚಗಳನ್ನು ಒರೆಸುತ್ತಿದ್ದರು. ಕಿಟಕಿಯ ಕೆಳಗೆ ಮರದ ಸ್ಟ್ಯಾಂಡು. ಹೆಂಡತಿ ಅವಸರದಲ್ಲಿ ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ ಎಂದು ಸಿಕ್ಕಿದಂತೆ ಸಿಕ್ಕಿಸಿ ಹೋಗಿದ್ದಳು. ಅತ್ತೆ ನಾಲಿಗೆ ಲೊಚಗುಟ್ಟಿದರು. ಎಲ್ಲವನ್ನೂ ಕಿತ್ತು, ಗಿಡ್ಡ ಚಮಚಗಳನ್ನೆಲ್ಲ ಎಡಕ್ಕೆ ಸಿಕ್ಕಿಸಿದರು. ಉದ್ದವನ್ನೆಲ್ಲ ಬಲಕ್ಕೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತೃಪ್ತಿಯಿಂದ ತಲೆಯಾಡಿಸಿದರು.

ಅಳಿಯ ಚಮಚಗಳನ್ನು ನೋಡಿದ. ಅತ್ತೆಯನ್ನು ನೋಡಿದ. ಮತ್ತೆ ಚಮಚಗಳನ್ನು ನೋಡಿದ. ಎಡಗಡೆ ಗಿಡ್ಡ. ಬಲಗಡೆ ಉದ್ದ. ಎಡಗಡೆ ಬಾಯಿಬಡುಕಿ, ಬಲಗಡೆ ಮೂಗಿ.

"ಅಯ್ಯೋ!" ಎಂದು ಅವನು ಎದ್ದ ರಭಸಕ್ಕೆ ಸ್ಟ್ಯಾಂಡು ಬಿದ್ದು ಚಮಚಗಳು ಚೆಲ್ಲಾಪಿಲ್ಲಿಯಾದವು.

"ನಿನ್ನ ಗಂಡನಿಗೆ ಏನಾಯ್ತು ಕೇಳೇ," ಎಂದರು ಅತ್ತೆ ಒಳಗಿನ ಕೋಣೆಯ ಕಡೆಗೆ.

ಬೆಳಗಾಗುತ್ತಲೇ ಕಚೇರಿಯ ಮುದ್ರೆ ಹೊತ್ತ ಅಳತೆಪಟ್ಟಿ ಶೆಡ್ಡಿನಲ್ಲಿತ್ತು. ಕಡ್ಡಿಗಳನ್ನು ಒಂದೊಂದಾಗಿ ಹೊರಗೆಳೆದು ಅಳೆದ. ಅನುಮಾನವೇ ಇರಲಿಲ್ಲ. ಗಾಳಿಯ ವಾಲ್ವಿನ ಕಡ್ಡಿ ಗಿಡ್ಡ, ಹೊಗೆಯ ವಾಲ್ವಿನ ಕಡ್ಡಿ ಉಗುರಿನಗಲದಷ್ಟು ಉದ್ದ. ಎರಡೂ ಕಡೆ ಒಂದು ಗಿಡ್ಡ ಒಂದು ಉದ್ದ ಬರಬೇಕು. ಅತ್ತೆಯ ಕೈ ತಗುಲಿದ ಮೇಲೆ ಗಿಡ್ಡವೆಲ್ಲ ಒಂದು ಮನೆ, ಉದ್ದವೆಲ್ಲ ಇನ್ನೊಂದು ಮನೆ. ಎಡಗಡೆ ಕಡ್ಡಿ ಮುಟ್ಟದೆ ಬಡಿದಾಡಿತ್ತು, ಬಲಗಡೆ ಉದ್ದದ ಕಡ್ಡಿ ವಾಲ್ವನ್ನು ಮುಚ್ಚಲು ಬಿಡದೆ ಒತ್ತಿ ಹಿಡಿದಿತ್ತು. ಊರಿನ ಮೀಟರ್ ಕಡ್ಡಿಗಳಲ್ಲಿ ಕೂದಲೆಳೆ ಹುಡುಕುವ ಮನುಷ್ಯ ತನ್ನ ಮನೆಯ ಶೆಡ್ಡಿನಲ್ಲಿ ಉಗುರನ್ನು ಕಂಡಿರಲಿಲ್ಲ. ಬಾಗಿವೆಯೋ ಎಂದು ಒಂದೊಂದನ್ನೂ ಗಾಜಿನ ಮೇಲೆ ಉರುಳಿಸಿದ. ಎಲ್ಲ ನೆಟ್ಟಗೆ ಉರುಳಿದವು. ಸರಿಯಾಗಿ ಬೆರೆಸಿ, ಇಳಿಸಿ, ಬಿಗಿದು, ಕೊನೆಯ ನಟ್ಟಿನ ಮೇಲೆ ಸ್ಪ್ಯಾನರ್ ಇರುವಾಗಲೇ ಗೇಟು ಕಿರುಗುಟ್ಟಿತು.

ಮಾವ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಅವರ ಹಿಂದೆ ಸೀಲಿನ ಅರಗು ಹಿಡಿದ ಪರವಾನಗಿ ಸಾಹೇಬರು. ಅವರ ಹಿಂದೆ ಖಾಲಿ ಡಬ್ಬ ಹಿಡಿದ ಸಂಗೀತದ ಟೀಚರ್.

"ಬಾಗಿಲು ತೆಗೀರಿ," ಎಂದರು ಸಾಹೇಬರು.

"ತೆಗೀರಿ ಅಳಿಯಂದಿರೇ," ಎಂದರು ಮಾವ.

ಬಾಗಿಲು ತೆರೆಯಿತು. ಒಳಗೆ ಕಾರು. ಸಾಹೇಬರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ಅಡಿಯಲ್ಲೂ ನೋಡಿದರು.

"ಗಿರಣಿ ಎಲ್ಲಿ?"

"ಇಲ್ಲ ಸಾರ್."

"ನಿನ್ನೆ ಇತ್ತು ಅಂದ್ರಿ!"

"ನಿನ್ನೆಯೂ ಇರ್ಲಿಲ್ಲ ಸಾರ್."

"ಹಾಗಾದ್ರೆ ನಾನು ತಿಂದಿದ್ದು ಏನು?" ಎಂದು ಟೀಚರ್ ಗಾಬರಿಯಾದರು. "ವಾರದಿಂದ ಇಲ್ಲಿಯ ಹಿಟ್ಟೇ ತಿಂತಿದೀವಿ!"

ಇಲ್ಲದ ಗಿರಣಿಯನ್ನು ಇದೆಯೆಂದು ಒಪ್ಪಿಕೊಂಡವನ ಮೇಲೆ ಯಾವ ಕೇಸು ಹಾಕಬೇಕೆಂದು ತೋಚದೆ ಸಾಹೇಬರು ಅರಗನ್ನು ಚೀಲಕ್ಕೆ ಹಾಕಿಕೊಂಡರು. ಮಾವ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವರ ಮೂಗಿನ ಹೊಳ್ಳೆಗಳು ಅರಳಿದ್ದವು. ಹೆಡ್ಡಿನಡಿ ಹಾಕುವ ಹೊಸ ಗ್ಯಾಸ್ಕೆಟ್ಟಿನ ವಾಸನೆ ಹಿಡಿದಿದ್ದರು.

"ಸ್ಟಾರ್ಟ್ ಮಾಡಿ."

ಅಳಿಯ ಕೀಲಿ ತಿರುಗಿಸಿದ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಎಂಜಿನ್ ಎದ್ದು ನಿಂತಿತು. ಒಂದು ಖಟ್ ಇಲ್ಲ, ಒಂದು ಬುಸ್ ಇಲ್ಲ. ಟೀಚರ್ ಕಣ್ಣು ಮುಚ್ಚಿ, "ಆಹಾ, ಈಗ ಶ್ರುತಿ ಸೇರ್ತು," ಎಂದರು.

ಮಾವ ಬಾನೆಟ್ಟಿನ ಮೇಲೆ ಕಿವಿಯಿಟ್ಟರು. ಬಹಳ ಹೊತ್ತು ಇಟ್ಟರು. ಎದ್ದು ನಿಂತಾಗ ಮುಖ ಬಿಳಿಚಿತ್ತು.

"ಇದು ನನ್ನ ಗಾಡಿ ಅಲ್ಲ."

ಅಳಿಯನಿಗೆ ಇನ್ನು ತಡೆಯಲಾಗಲಿಲ್ಲ. "ಮಾವ, ತಪ್ಪಾಯ್ತು ಮಾವ, ಆಫೀಸಿಗೆ ತಗೊಂಡ್ಹೋದೆ, ಮುಳ್ಳು ಮೇಲೆ ಹೋಯ್ತು, ಪೆಟ್ರೋಲು ಅಂದ್ಕೊಂಡೆ, ನೀರು ಹೋಗಿತ್ತು, ಎರಡೂ ಹೆಡ್ಡು ಸೀಳಿ..."

"ಟಿಕ್ ಎಲ್ಲಿ?"

"ಏನು ಮಾವ?"

"ಎಡಗಡೆ ಕೊನೇ ವಾಲ್ವಲ್ಲಿ ಒಂದು ಟಿಕ್ ಇತ್ತು. ಸಣ್ಣದು. ನಾನೇ ಬಿಟ್ಟಿದ್ದೆ, ಮೂವತ್ತು ವರ್ಷದಿಂದ. ಯಾವ ನನ್ಮಗನಿಗೂ ಅದನ್ನ ಮುಟ್ಟೋಕೆ ಬಿಟ್ಟಿರ್ಲಿಲ್ಲ. ಆ ಟಿಕ್ ಎಲ್ಲಿ?"

ಆಗ ಅಡುಗೆಮನೆಯ ಬಾಗಿಲಿನಿಂದ ಅತ್ತೆ, ಆ ಮನೆಯ ಚರಿತ್ರೆಯಲ್ಲೇ ಮೊದಲ ಸಲ, ಅಳಿಯನ ಮುಖವನ್ನು ನೇರವಾಗಿ ನೋಡಿ ಹೇಳಿದರು:

"ಆ ಟಿಕ್ ಬೇಕೇ ಬೇಕು. ವಾಪಸ್ ತನ್ನಿ."

"ಹೌದೌದು, ಬೇಕು," ಎಂದರು ಟೀಚರ್ ಅವಸರದಿಂದ. "ನಮ್ಮಣ್ಣ ಡಿಪೋದಲ್ಲಿದ್ದಾಗಿಂದ ಹೇಳ್ತಿದ್ದ, ಆ ಟಿಕ್ ಇಲ್ದೇ ಹೋಗಿದ್ರೆ ಅವನ ಕೆಲಸವೇ ಹೋಗ್ತಿತ್ತಂತೆ."

"ಯಾಕೆ?" ಎಂದರು ಮಾವ.

ಟೀಚರ್ ತುಟಿ ಕಚ್ಚಿಕೊಂಡರು. ಹೆಂಡತಿ ಛಾವಣಿ ನೋಡಿದಳು. ಸಾಹೇಬರ ಚಾಲಕ ಗೇಟಿನಾಚೆ ಜೀಪಿನ ಚಕ್ರವನ್ನು ಪರೀಕ್ಷಿಸತೊಡಗಿದ.

ಅಳಿಯನಿಗೆ ಅರ್ಥವಾಯಿತು. ಮಾವ ನಿವೃತ್ತರಾಗುವವರೆಗೂ ಇಡೀ ಡಿಪೋ ಆ ಟಿಕ್ ಕೇಳಿದೊಡನೆ, ಮಾವ ಬಂದರೆಂದು, ಇಸ್ಪೀಟೆಲೆ ಮುಚ್ಚಿಟ್ಟು ಸ್ಪ್ಯಾನರ್ ಎತ್ತಿಕೊಳ್ಳುತ್ತಿತ್ತು. ಸದ್ದಿಲ್ಲದೆ ಮನೆಗೆ ಬರುವ ಮಾವ ಅವನಿಗೂ ಬೇಕಿರಲಿಲ್ಲ. ಅವನು ಬಾನೆಟ್ ಎತ್ತಿ ಸ್ಪ್ಯಾನರ್ ತೆಗೆದುಕೊಂಡ. ಎಡಗಡೆಯ ಕೊನೆಯ ನಟ್ಟನ್ನು ಕೂದಲೆಳೆಯಷ್ಟು, ತನ್ನ ಕಚೇರಿಯಲ್ಲಾದರೆ ಕೇಸು ಹಾಕಬಹುದಾದಷ್ಟು, ಸಡಿಲಿಸಿದ.

ಟಿಕ್. ಟಿಕ್. ಟಿಕ್.

ಮಾವನ ಮುಖಕ್ಕೆ ರಕ್ತ ಬಂತು. "ಹಾಂ! ಬಂದ್ಲು," ಎಂದರು. ಆಮೇಲೆ ಅಳಿಯನನ್ನು ಕಪ್ಪು ಕನ್ನಡಕದೊಳಗಿನಿಂದ ಅಳೆದು ನೋಡಿದರು. "ಎರಡೂ ಹೆಡ್ಡು ನೀನೇ ಇಳಿಸಿದ್ಯಾ?"

"ಹೌದು ಮಾವ." ಅಳಿಯ ಕೇಳಿಸಿಕೊಂಡದ್ದು ಪ್ರಶ್ನೆಯನ್ನಲ್ಲ, ಏಕವಚನವನ್ನು.

"ಕಡ್ಡಿ ಅದಲುಬದಲು ಮಾಡ್ಲಿಲ್ವಲ್ಲ? ಹೊಸಬರೆಲ್ಲ ಅಲ್ಲೇ ಎಡವೋದು."

ಅಳಿಯ ಅಡುಗೆಮನೆಯ ಬಾಗಿಲನ್ನು ನೋಡಿದ. ಅತ್ತೆ ಸೆರಗಿನಿಂದ ಒಂದು ಚಮಚ ಒರೆಸುತ್ತಾ ನಿಂತಿದ್ದರು.

"ಇಲ್ಲ ಮಾವ. ಎಲ್ಲ ಬಹಳ ಅಚ್ಚುಕಟ್ಟಾಗಿತ್ತು."

"ಕೀಲಿ ನಿನ್ನ ಹತ್ರಾನೇ ಇರ್ಲಿ ಬಿಡು," ಎಂದರು ಮಾವ. "ಕಣ್ಣು ಸರಿಹೋಗೋವರೆಗೂ ನನ್ನ ನೀನೇ ಓಡಾಡಿಸು. ಮುಳ್ಳು ನೋಡ್ಕೊಂಡು."

ಅಂದಿನಿಂದ ಬೀದಿಯ ತಿರುವಿನಲ್ಲಿ ಟಿಕ್ ಕೇಳಿದೊಡನೆ ಅತ್ತೆ ಟಿವಿ ಆರಿಸಿ ಪೊರಕೆ ಹಿಡಿಯುತ್ತಾರೆ, ಮಗಳು ಫೋನನ್ನು ದಿಂಬಿನಡಿ ತಳ್ಳುತ್ತಾಳೆ, ಎದುರುಮನೆಯ ಮಕ್ಕಳು ಮತ್ತೆ ಸರಿಗಮ ಶುರುಮಾಡುತ್ತಾರೆ. ಆ ಸದ್ದಿಗೆ ಎದ್ದು ಕೂರಬೇಕಾದವರಲ್ಲಿ ಅಳಿಯನೊಬ್ಬನಿಗೆ ಮಾತ್ರ ಆ ಭಾಗ್ಯವಿಲ್ಲ. ಅವನು ಕಾರಿನೊಳಗೇ, ಮಾವನ ಪಕ್ಕದಲ್ಲಿ ಕೂತಿರುತ್ತಾನೆ. ಹಿಂದಿನ ಸೀಟಿನಲ್ಲಿ, ಮೂರು ಬೀದಿ ಆಚೆಯ ಗಿರಣಿಯಲ್ಲಿ ಬೀಸಿಸಿದ ನೆರೆಹೊರೆಯವರ ಹಿಟ್ಟಿನ ಚೀಲಗಳು, ಗಾತ್ರದ ಪ್ರಕಾರ.